ಜೀವ ಬಂದಿದೆ, ಕಟ್ಟು ಬಿಚ್ಚಬೇಕು

ಯೌವನಸ್ಥರ ಕೂಟದ ಸಂದೇಶ
ಓದುವ ಭಾಗ: ಯೋಹಾನ 11:38-44

 

ಇವತ್ತಿನ ವಿಷಯ ಸಿಗರೇಟ್. ಕೆಲವರು ಆಗಲೇ ತಲೆ ತಗ್ಗಿಸಿದಿರಿ, ಪರವಾಗಿಲ್ಲ, ಯಾರ ಮುಖವನ್ನೂ ನೋಡಿ ನಾನು ಮಾತಾಡ್ತಿಲ್ಲ. ಸಭೆಯಲ್ಲಿ ಈ ವಿಷಯವನ್ನು ನಾವು ಒಂದೇ ಸಾಲಿನಲ್ಲಿ ಮುಗಿಸಿಬಿಡ್ತೇವೆ: ಪಾಪ, ಬಿಟ್ಟುಬಿಡಿ, ಆಮೆನ್. ಬಿಡಬೇಕು ಅನ್ನೋದು ಸೇದುವವನಿಗೆ ನಮಗಿಂತ ಚೆನ್ನಾಗಿ ಗೊತ್ತು. ಹೇಗೆ ಬಿಡೋದು ಅನ್ನೋದೇ ಅವನ ಪ್ರಶ್ನೆ. ಬಿಟ್ಟ ಮೂರನೇ ದಿನ ಆಸೆ ಮತ್ತೆ ಬಂದಾಗ ಏನು ಮಾಡೋದು ಅನ್ನೋದು ಇನ್ನೂ ದೊಡ್ಡ ಪ್ರಶ್ನೆ.

ಯೌವನಸ್ಥರ ಜೊತೆ ಕೂತು ಪ್ರಾರ್ಥಿಸುವಾಗ ಒಂದೇ ಕಥೆಯನ್ನು ನಾನು ಬೇರೆ ಬೇರೆ ಬಾಯಿಂದ ಕೇಳಿದ್ದೇನೆ. ಉಪವಾಸ ಪ್ರಾರ್ಥನೆಯಲ್ಲಿ ಕರ್ತನು ಮುಟ್ಟುತ್ತಾನೆ. ಕಣ್ಣೀರು ಬರುತ್ತದೆ. ಹೊರಗೆ ಹೋಗಿ ಪ್ಯಾಕ್, ಲೈಟರ್ ಎರಡನ್ನೂ ಕಸದ ಬುಟ್ಟಿಗೆ ಹಾಕ್ತಾರೆ. ಭಾನುವಾರ ಸಾಕ್ಷಿ, ಎಲ್ಲರೂ ಚಪ್ಪಾಳೆ. ಬುಧವಾರ ಆಫೀಸಿನಲ್ಲಿ ತಲೆ ಸಿಡಿಯುತ್ತದೆ, ಯಾರ ಮೇಲೋ ರೇಗಾಡ್ತಾರೆ, ಸಂಜೆ ಟೀ ಅಂಗಡಿ ಹತ್ತಿರ ಕಾಲು ನಿಂತುಬಿಡುತ್ತದೆ. ಒಂದೇ ಒಂದು ಸೇದ್ತಾರೆ. ಆಮೇಲೆ ಒಳಗಿಂದ ಒಂದು ಸ್ವರ: ನಿನಗೆ ಬಿಡುಗಡೆ ಆಗಿಯೇ ಇರಲಿಲ್ಲ, ನೀನು ದೇವರ ಮನೆಯಲ್ಲಿ ನಿಂತು ಸುಳ್ಳು ಸಾಕ್ಷಿ ಹೇಳಿದೆ.

ಒಬ್ಬ ತಮ್ಮ ಹೀಗೆಯೇ ಐದು ತಿಂಗಳು ಸಭೆಗೆ ಬರಲಿಲ್ಲ. ಪಿ.ಜಿ. ರೂಮಿನಲ್ಲಿ ಕೂತು ಫೋನಿನಲ್ಲಿ ಆರಾಧನೆ ನೋಡ್ತಿದ್ದ. ಯಾಕೆ ಬರಲಿಲ್ಲ ಅಂತ ಕೇಳಿದರೆ, "ಬ್ರದರ್, ಚಪ್ಪಾಳೆ ಹೊಡೆದವರ ಮುಖ ಹೇಗೆ ನೋಡ್ಲಿ?" ಅಂದ. ಅವನನ್ನು ಸಭೆಯಿಂದ ಎಳೆದುಕೊಂಡು ಹೋದದ್ದು ನಾಚಿಕೆ. ಇವತ್ತು ಇಲ್ಲಿ ಅಂಥವರು ಇದ್ದರೆ, ಈ ಸಂದೇಶ ಅವರಿಗಾಗಿ.

ಈಗ ವಾಕ್ಯಕ್ಕೆ ಬನ್ನಿ. ಬೇಥಾನ್ಯದಲ್ಲಿ ಲಾಜರನು ಸತ್ತು ನಾಲ್ಕು ದಿನ ಆಗಿತ್ತು. ಯೇಸು ಗಟ್ಟಿಯಾಗಿ ಕೂಗಿ ಅವನನ್ನು ಹೊರಗೆ ಕರೆದನು. ಸತ್ತವನು ಎದ್ದು ಬಂದನು. ಆದರೆ 44ನೆಯ ವಚನವನ್ನು ನಿಧಾನವಾಗಿ ಓದಿ. ಅವನು ಹೇಗೆ ಬಂದನು? ಕೈಗೆ ಕಟ್ಟು, ಕಾಲಿಗೆ ಕಟ್ಟು, ಮುಖಕ್ಕೆ ಬಟ್ಟೆ. ಜೀವ ಪೂರ್ತಿ ಬಂದಿದೆ, ಅದರಲ್ಲಿ ಸಂಶಯವೇ ಇಲ್ಲ. ಆದರೂ ಸಮಾಧಿಯ ಬಟ್ಟೆ ಇನ್ನೂ ಮೈಮೇಲಿದೆ. ಆ ಕಟ್ಟುಗಳನ್ನು ಬಿಚ್ಚುವ ಕೆಲಸವನ್ನು ಯೇಸು ಯಾರಿಗೆ ಕೊಟ್ಟನು? ಸುತ್ತಲೂ ನಿಂತಿದ್ದವರಿಗೆ. ಸತ್ತವನನ್ನು ಎಬ್ಬಿಸುವುದು ಕರ್ತನೊಬ್ಬನ ಕೆಲಸ. ಕಟ್ಟು ಬಿಚ್ಚುವುದನ್ನು ಆತನು ಜನರ ಕೈಗೆ ಒಪ್ಪಿಸಿದನು.

ಕಟ್ಟು ಇದೆ ಅಂತ ಹೇಳಿ ಲಾಜರನು ಇನ್ನೂ ಸತ್ತಿದ್ದಾನೆ ಅಂತ ಯಾರಾದರೂ ಅನ್ನುತ್ತಾರಾ? ಹಾಗಾದರೆ ಆಸೆ ಬಂತು ಅಂತ ನಿನ್ನ ಬಿಡುಗಡೆ ಸುಳ್ಳು ಅಂತ ಯಾಕೆ ಅಂದುಕೊಳ್ತೀಯ? ಕೆಲವರಿಗೆ ಕರ್ತನು ಒಂದೇ ಕ್ಷಣದಲ್ಲಿ ಆಸೆಯನ್ನೂ ತೆಗೆದುಬಿಡ್ತಾನೆ. ಅಂಥ ಸಾಕ್ಷಿಗಳಿಗಾಗಿ ಸ್ತೋತ್ರ. ಆದರೆ ಅವರ ಸಾಕ್ಷಿಯನ್ನು ಅಳತೆಗೋಲು ಮಾಡಿಕೊಂಡು ನಿನ್ನನ್ನು ಅಳೆದುಕೊಳ್ಳಬೇಡ.

ಮೊದಲು ಒಂದು ಪ್ರಶ್ನೆ ಮುಗಿಸೋಣ

"ಪಾಸ್ಟರ್, ಬೈಬಲ್‌ನಲ್ಲಿ ಸಿಗರೇಟ್ ಸೇದಬಾರದು ಅಂತ ಎಲ್ಲಿದೆ?" ಇದು ನೀವು ಕೇಳುವ ಪ್ರಶ್ನೆ. ಎಲ್ಲೂ ಇಲ್ಲ. ಹೊಗೆಸೊಪ್ಪು ಅಮೆರಿಕ ಖಂಡದ ಗಿಡ. ಕೊಲಂಬಸ್ 1492ರಲ್ಲಿ ಅಲ್ಲಿಗೆ ಹೋದ ಮೇಲೆ ಅದು ಯೂರೋಪಿಗೆ ಬಂತು, ಆಮೇಲೆ ಪೋರ್ಚುಗೀಸರ ಹಡಗಿನಲ್ಲಿ ನಮ್ಮ ದೇಶಕ್ಕೆ ಬಂತು. ಪೌಲನಿಗೆ ಆ ಗಿಡವೇ ಗೊತ್ತಿರಲಿಲ್ಲ. ಆದರೆ 1 ಕೊರಿಂಥ 6:12ರಲ್ಲಿ ಅವನು ಇಟ್ಟ ಅಳತೆ ಎಲ್ಲ ಕಾಲಕ್ಕೂ ಸಾಕು. ಯಾವುದನ್ನು ಮಾಡುವ ಸ್ವಾತಂತ್ರ್ಯ ಇದ್ದರೂ, ಅದು ತನ್ನ ಮೇಲೆ ಅಧಿಕಾರ ನಡೆಸುವುದಕ್ಕೆ ತಾನು ಬಿಡುವುದಿಲ್ಲ ಅನ್ನುತ್ತಾನೆ. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಕೈ ಎಲ್ಲಿಗೆ ಹೋಗುತ್ತದೆ? ಮಳೆಯಲ್ಲಿ ನೆನೆದುಕೊಂಡು ಯಾವುದಕ್ಕಾಗಿ ಅಂಗಡಿಗೆ ಹೋಗ್ತೀರಿ? ಅಲ್ಲಿ ಯಜಮಾನ ಯಾರು ಅಂತ ನೀವೇ ಹೇಳಿ.

ಇನ್ನು ಕೆಲವರು ಸ್ಪರ್ಜನ್ ಹೆಸರು ಹೇಳ್ತಾರೆ. ನಿಜ, ಲಂಡನ್ನಿನ ಆ ದೊಡ್ಡ ಬೋಧಕರು ಚುಟ್ಟಾ ಸೇದುತ್ತಿದ್ದರು. 1874ರಲ್ಲಿ ಅದನ್ನು ಸಭೆಯ ಮುಂದೆಯೇ ಸಮರ್ಥಿಸಿಕೊಂಡರು ಕೂಡ. ಅವರು ತೀರಿಕೊಂಡದ್ದು 1892ರಲ್ಲಿ. ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ಸಂಬಂಧವನ್ನು ಬ್ರಿಟನ್ನಿನ ಡಾಲ್ ಮತ್ತು ಹಿಲ್ ಅಂಕಿಅಂಶಗಳೊಂದಿಗೆ ತೋರಿಸಿದ್ದು 1950ರಲ್ಲಿ. ಸ್ಪರ್ಜನ್ನರಿಗೆ ಗೊತ್ತಿರದ ವಿಷಯ ನಿಮಗೆ ಪ್ಯಾಕಿನ ಮೇಲೆ ಚಿತ್ರ ಸಮೇತ ಅಚ್ಚಾಗಿದೆ. ಅವರ ಹೆಸರಿನ ಹಿಂದೆ ನಾವು ಬಚ್ಚಿಟ್ಟುಕೊಳ್ಳೋದು ಬೇಡ.

ನಾತ ಇದ್ದಾಗಲೇ ಕಲ್ಲು ತೆಗೆಸಿದನು

39ನೆಯ ವಚನ ನೋಡಿ. ಕಲ್ಲು ತೆಗೆಯಿರಿ ಅಂದಾಗ ಮಾರ್ಥಳು ತಡೆದಳು, ನಾಲ್ಕು ದಿನ ಆಗಿದೆ, ನಾತ ಬರುತ್ತದೆ ಅಂತ. ಸೇದುವವರಿಗೆ ಈ ಭಯ ಚೆನ್ನಾಗಿ ಗೊತ್ತು. ಸಭೆಗೆ ಬರುವ ಮೊದಲು ಮಿಂಟ್, ಸೆಂಟ್, ಕೈಗೆ ಸ್ಯಾನಿಟೈಸರ್. ಯಾರಾದರೂ ಹತ್ತಿರ ಬಂದು ಕೈ ಕುಲುಕಿದರೆ ಒಂದು ಹೆಜ್ಜೆ ಹಿಂದೆ. ಯೇಸು ನಾತ ಹೋಗಲಿ ಅಂತ ಕಾಯಲಿಲ್ಲ. ನೀನೂ ಪೂರ್ತಿ ಬಿಟ್ಟ ಮೇಲೆ ಪ್ರಾರ್ಥನೆಗೆ ಬರ್ತೀನಿ ಅಂತ ಕಾಯಬೇಡ. ವಾಸನೆ ಇದ್ದರೆ ವಾಸನೆಯ ಜೊತೆಗೇ ಬಾ.

ಮೊದಲನೆಯ ಕಟ್ಟು: ಕೈ

ಇದು ಶರೀರದ ಕಟ್ಟು. ಹೊಗೆ ಎಳೆದ 10ರಿಂದ 20 ಸೆಕೆಂಡಿನಲ್ಲಿ ನಿಕೋಟಿನ್ ಮೆದುಳನ್ನು ಮುಟ್ಟುತ್ತದೆ. ಅಲ್ಲಿ ಡೋಪಮಿನ್ ಬಿಡುಗಡೆ ಮಾಡಿಸಿ ಒಂದು ಹಾಯ್ ಅನ್ನಿಸುತ್ತದೆ. ದಿನವೂ ಹೀಗೆ ಆಗುತ್ತಾ ಹೋದರೆ ನಿಕೋಟಿನ್ ಹಿಡಿದುಕೊಳ್ಳುವ ಜಾಗಗಳು ಮೆದುಳಿನಲ್ಲಿ ಹೆಚ್ಚಾಗುತ್ತವೆ. ಸುಮಾರು ಎರಡು ಗಂಟೆಯಲ್ಲಿ ರಕ್ತದಲ್ಲಿರುವ ನಿಕೋಟಿನ್ ಅರ್ಧಕ್ಕೆ ಇಳಿಯುತ್ತದೆ, ಆ ಜಾಗಗಳೆಲ್ಲ ಮತ್ತೆ ಬೇಕು ಅಂತ ಕೂಗುತ್ತವೆ. ಚಡಪಡಿಕೆ, ಸಿಟ್ಟು, ಮನಸ್ಸು ಒಂದು ಕಡೆ ನಿಲ್ಲದಿರುವುದು. ಆಗ ಒಂದು ಸೇದಿದರೆ ಶಾಂತಿ ಅನ್ನಿಸುತ್ತದೆ. "ಟೆನ್ಶನ್ ಕಡಿಮೆ ಆಗುತ್ತೆ ಬ್ರದರ್" ಅಂತೀರಲ್ಲ, ಆ ಟೆನ್ಶನ್ನಿನಲ್ಲಿ ದೊಡ್ಡ ಪಾಲು ಹಿಂದಿನ ಸಿಗರೇಟ್ ತಂದಿಟ್ಟದ್ದು. ಇದು ಮೀಟರ್ ಬಡ್ಡಿಯವನ ಸಾಲದ ಹಾಗೆ. ನಿಮ್ಮ ಜೇಬಿನಿಂದ ಕಿತ್ತುಕೊಂಡ ಹಣದಲ್ಲೇ ಸ್ವಲ್ಪ ಕೊಟ್ಟು ಉಪಕಾರ ಮಾಡಿದೆ ಅನ್ನುತ್ತಾನೆ.

ಬಿಟ್ಟಾಗ ಏನಾಗುತ್ತದೆ ಅನ್ನೋದನ್ನು ಮೊದಲೇ ತಿಳಿದುಕೊಳ್ಳಿ. ಮೊದಲ ಎರಡು ಮೂರು ದಿನ ಅತಿ ಕಷ್ಟ. ಸಿಟ್ಟು, ನಿದ್ದೆ ಕೆಡುವುದು, ಹಸಿವು, ಬೇಜಾರು. ನಂತರ ಇಳಿಯುತ್ತಾ ಬಂದು, ಎರಡರಿಂದ ನಾಲ್ಕು ವಾರಗಳಲ್ಲಿ ಬಹಳಷ್ಟು ಕಡಿಮೆಯಾಗುತ್ತದೆ. ಆ ಬುಧವಾರದ ತಲೆನೋವು ನಿಮ್ಮ ವಿಶ್ವಾಸ ಸತ್ತುಹೋಯಿತು ಅನ್ನೋದಕ್ಕೆ ಗುರುತಲ್ಲ. ನಿಕೋಟಿನ್ ಶರೀರದಿಂದ ಹೊರಟು ಹೋಗುತ್ತಿದೆ ಅನ್ನೋದಕ್ಕೆ ಗುರುತು. ಇದನ್ನು ತಿಳಿಯದೆ ಎಷ್ಟೋ ಜನ ಗೆಲ್ಲುವ ದಿನವೇ ಸೋತೆ ಅಂದುಕೊಂಡುಬಿಡ್ತಾರೆ.

ಇನ್ನೊಂದು ಸಣ್ಣ ವಿಷಯ. ಸಿಗರೇಟಿನ ಹೊಗೆ ಇರುವಾಗ ಶರೀರ ಕಾಫಿಯ ಕೆಫೀನನ್ನು ಬೇಗ ಕರಗಿಸುತ್ತದೆ. ಬಿಟ್ಟ ಮೇಲೆ ಅದೇ ಕಾಫಿ ಹೆಚ್ಚು ಹೊತ್ತು ಒಳಗೆ ನಿಲ್ಲುತ್ತದೆ. ಕೈ ನಡುಕ, ನಿದ್ದೆ ಬಾರದಿರುವುದು ಕೆಲವೊಮ್ಮೆ ಅದರಿಂದಲೂ ಇರುತ್ತದೆ. ಬಿಡುವ ವಾರದಲ್ಲಿ ಕಾಫಿಯನ್ನು ಅರ್ಧಕ್ಕೆ ಇಳಿಸಿ.

ಈಗ ಔಷಧಿಯ ಮಾತು. "ನಿಕೋಟಿನ್ ಗಮ್ ತಗೊಂಡರೆ ಅವಿಶ್ವಾಸ ಅಲ್ವಾ?" ಅಂತ ಕೇಳ್ತೀರಿ. 2 ಅರಸುಗಳು 20:5-7 ಓದಿ. ಹಿಜ್ಕೀಯನಿಗೆ ದೇವರು ತಾನೇ ವಾಸಿಮಾಡುತ್ತೇನೆ, 15 ವರ್ಷ ಆಯುಷ್ಯ ಕೂಡಿಸುತ್ತೇನೆ ಅಂತ ವಾಗ್ದಾನ ಮಾಡಿದನು. ವಾಗ್ದಾನದ ಬೆನ್ನಿಗೇ ಯೆಶಾಯನು ಅಂಜೂರದ ಹಣ್ಣಿನ ಉಂಡೆ ತರಿಸಿ ಹುಣ್ಣಿನ ಮೇಲೆ ಕಟ್ಟಿಸಿದನು. ವಾಗ್ದಾನವೂ ಇತ್ತು, ಪಟ್ಟಿಯೂ ಇತ್ತು. ಪ್ರವಾದಿಗೆ ಅದರಲ್ಲಿ ಅವಿಶ್ವಾಸ ಕಾಣಲಿಲ್ಲ.

ಮೆಡಿಕಲ್ ಶಾಪಿನಲ್ಲಿ 2 ಮಿಲಿಗ್ರಾಂ, 4 ಮಿಲಿಗ್ರಾಂ ಗಮ್ ಇರುತ್ತದೆ. ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟ್ ಬೇಕಾಗುವವರಿಗೆ ಸಾಮಾನ್ಯವಾಗಿ 4 ಮಿಲಿಗ್ರಾಂ ಹೇಳ್ತಾರೆ. ಇದನ್ನು ಬಬಲ್ ಗಮ್ ತರಹ ಜಗಿಯಬಾರದು. ನಿಧಾನವಾಗಿ ನಾಲ್ಕೈದು ಸಲ ಜಗಿದು, ಖಾರದ ರುಚಿ ಬಂದ ಕೂಡಲೇ ಕೆನ್ನೆಗೂ ವಸಡಿಗೂ ನಡುವೆ ಇಟ್ಟುಕೊಳ್ಳಬೇಕು. ರುಚಿ ಹೋದ ಮೇಲೆ ಮತ್ತೆ ಸ್ವಲ್ಪ ಜಗಿಯಬೇಕು. ಹೀಗೆ ಅರ್ಧ ಗಂಟೆ. ಅದಕ್ಕೆ 15 ನಿಮಿಷ ಮೊದಲು ಕಾಫಿ, ಜ್ಯೂಸ್ ಬೇಡ, ಅವು ನಿಕೋಟಿನ್ ಹೀರಿಕೊಳ್ಳುವುದನ್ನು ತಡೆಯುತ್ತವೆ. ಹೃದಯದ ತೊಂದರೆ ಇರುವವರು, ಗರ್ಭಿಣಿಯರು, ಬೇರೆ ಮಾತ್ರೆ ತೆಗೆದುಕೊಳ್ಳುವವರು ಮೊದಲು ಡಾಕ್ಟರನ್ನು ಕೇಳಿ. ಬಿಟ್ಟ ಮೇಲೆ ಮನಸ್ಸು ತುಂಬಾ ಕುಗ್ಗಿದರೂ ಡಾಕ್ಟರ ಹತ್ತಿರ ಹೋಗಿ. ಅದಕ್ಕೆ ನಾಚಿಕೆ ಪಡುವ ಅಗತ್ಯವಿಲ್ಲ.

ವೇಪ್ ಮಾತ್ರ ದಾರಿ ಅಂದುಕೊಳ್ಳಬೇಡಿ. ನಮ್ಮ ದೇಶದಲ್ಲಿ 2019ರಿಂದ ಅದರ ಮಾರಾಟಕ್ಕೆ ನಿಷೇಧ ಇದೆ. ಕದ್ದು ತಂದ ಬಾಟಲಿಯೊಳಗೆ ಏನಿದೆ ಅಂತ ಮಾರುವವನಿಗೂ ಗೊತ್ತಿರುವುದಿಲ್ಲ.

ಎರಡನೆಯ ಕಟ್ಟು: ಕಾಲು

ಇದು ಅಭ್ಯಾಸದ ಕಟ್ಟು. ನಿಕೋಟಿನ್ ಶರೀರದಿಂದ ಹೋದ ಮೇಲೂ ಕಾಲಿಗೆ ದಾರಿ ನೆನಪಿರುತ್ತದೆ. ಹನ್ನೊಂದು ಗಂಟೆಯ ಟೀ. ಟ್ರಾಫಿಕ್ ದಾಟಿ ಬಂದ ಮೇಲೆ ಪಾರ್ಕಿಂಗ್. ಮ್ಯಾನೇಜರ್ ಜೊತೆ ಕಾಲ್ ಮುಗಿದ ಕೂಡಲೇ "ಬಾರೋ ಮಗಾ, ಒಂದು ಧಮ್ ಹೊಡೆಯೋಣ" ಅನ್ನುವ ಗೆಳೆಯ. ನೈಟ್ ಶಿಫ್ಟ್‌ನಲ್ಲಿ ಎಚ್ಚರವಾಗಿರಲು. ಊಟ ಆದ ಮೇಲೆ, ಜಗಳ ಆದ ಮೇಲೆ.

ಒಂದು ಹಾಳೆ ತಗೊಂಡು ಬರೆಯಿರಿ: ದಿನಕ್ಕೆ ಎಷ್ಟು, ಎಲ್ಲಿ, ಯಾರ ಜೊತೆ, ಯಾಕೆ. ಐದು ಸೇದುವವನಿಗೆ ಐದು ದಾರಿ ಇರುತ್ತವೆ. ಪ್ರತಿಯೊಂದು ದಾರಿಗೂ ಬೇರೆ ದಾರಿ ಇಡಿ. ಟೀ ಅಂಗಡಿ ಬದಲು ಕ್ಯಾಂಟೀನಿನಲ್ಲಿ ಕೂತು ಮಜ್ಜಿಗೆ. ಊಟ ಆದ ಕೂಡಲೇ ಹಲ್ಲುಜ್ಜಿ. ಗೆಳೆಯನಿಗೆ ನೇರವಾಗಿ ಹೇಳಿ: "ನಾನು ಬಿಡ್ತಾ ಇದ್ದೀನಿ ಕಣೋ, ಒಂದು ತಿಂಗಳು ನನ್ನನ್ನ ಕರೀಬೇಡ." ಒಳ್ಳೆಯ ಗೆಳೆಯ ಆಗಿದ್ದರೆ ಅರ್ಥ ಮಾಡಿಕೊಳ್ತಾನೆ.

ಆಸೆ ಅಲೆಯ ಹಾಗೆ ಬರುತ್ತದೆ. ಏರುತ್ತದೆ, ಕೆಲವು ನಿಮಿಷ ನಿಲ್ಲುತ್ತದೆ, ಇಳಿಯುತ್ತದೆ. ಸೇದಿದರೂ ಇಳಿಯುತ್ತದೆ, ಸೇದದಿದ್ದರೂ ಇಳಿಯುತ್ತದೆ. ನೀವು ಜೀವನವೆಲ್ಲಾ ಹೋರಾಡಬೇಕಾಗಿಲ್ಲ, ಈ ಐದು ನಿಮಿಷ ದಾಟಬೇಕು. ನೀರು ಕುಡಿಯಿರಿ, ಜಾಗ ಬಿಟ್ಟು ಎದ್ದು ನಡೆಯಿರಿ, ಉಸಿರು ನಿಧಾನವಾಗಿ ಎಳೆದು ಬಿಡಿ. ಒಂದು ಕೀರ್ತನೆಯನ್ನು ಬಾಯಿಪಾಠ ಮಾಡಿಟ್ಟುಕೊಂಡು ಮೆಟ್ಟಿಲಲ್ಲಿ ನಿಂತು ಪೂರ್ತಿ ಹೇಳಿ. ಅನ್ಯಭಾಷೆಯಲ್ಲಿ ಪ್ರಾರ್ಥಿಸುವವರು ಮೆಲ್ಲಗೆ ಪ್ರಾರ್ಥಿಸಿ. ಮುಗಿಯುವಷ್ಟರಲ್ಲಿ ಅಲೆ ಇಳಿದಿರುತ್ತದೆ. ಹಲ್ಲೆಲೂಯಾ!

ಮೂರನೆಯ ಕಟ್ಟು: ಮುಖ

ಲಾಜರನ ಮುಖಕ್ಕೆ ಬಟ್ಟೆ ಸುತ್ತಿತ್ತು. ಮುಖ ಮುಚ್ಚಿದ್ದರೆ ನೀವು ಯಾರನ್ನೂ ನೋಡುವುದಿಲ್ಲ, ನಿಮ್ಮನ್ನೂ ಯಾರೂ ಗುರುತಿಸುವುದಿಲ್ಲ. ಇದು ಮುಚ್ಚುಮರೆಯ ಕಟ್ಟು, ಮೂರರಲ್ಲಿ ಇದೇ ಗಟ್ಟಿ. ತಂಗಿಯರಿಗೆ ಇದು ಇನ್ನೂ ಬಿಗಿ. ತಮ್ಮ ಒಬ್ಬ ಸೇದ್ತಾನೆ ಅಂದರೆ ಪ್ರಾರ್ಥಿಸೋಣ ಅಂತೀವಿ. ತಂಗಿ ಸೇದ್ತಾಳೆ ಅಂದರೆ ಅವಳ ಮದುವೆಯವರೆಗೂ ಮಾತು ಹೋಗುತ್ತದೆ. ಹಾಗಾಗಿ ಅವಳು ಯಾರಿಗೂ ಹೇಳುವುದಿಲ್ಲ, ಒಬ್ಬಳೇ ಹೋರಾಡ್ತಾಳೆ.

ಕೈ ಕಟ್ಟಿಸಿಕೊಂಡವನು ತನ್ನ ಕಟ್ಟನ್ನು ತಾನೇ ಬಿಚ್ಚಲಾರ. "ನಾನೊಬ್ಬನೇ ಬಿಡ್ತೀನಿ, ಬಿಟ್ಟ ಮೇಲೆ ಹೇಳ್ತೀನಿ" ಅನ್ನುವುದು ಧೈರ್ಯದ ಹಾಗೆ ಕಾಣುತ್ತದೆ. ಯಾವ ಸಹಾಯವೂ ಇಲ್ಲದೆ ಬಿಡಲು ಪ್ರಯತ್ನಿಸಿದವರಲ್ಲಿ ಆರು ತಿಂಗಳು, ವರ್ಷದವರೆಗೆ ಉಳಿಯುವವರು ನೂರಕ್ಕೆ ಸುಮಾರು 3ರಿಂದ 5 ಜನ ಮಾತ್ರ ಅಂತ ಅಧ್ಯಯನಗಳು ಹೇಳುತ್ತವೆ. ಯಾಕೋಬ 5:16ರಲ್ಲಿ ಒಬ್ಬರಿಗೊಬ್ಬರು ತಪ್ಪುಗಳನ್ನು ಅರಿಕೆಮಾಡಿ ಒಬ್ಬರಿಗೋಸ್ಕರ ಒಬ್ಬರು ಪ್ರಾರ್ಥಿಸುವ ಮಾತಿದೆ. ಅದರ ಗುರಿ ಏನು? ಗುಣವಾಗುವುದು. ಇಡೀ ಸಭೆಗೆ ಹೇಳಬೇಕಾಗಿಲ್ಲ. ಇಬ್ಬರಿಗೆ ಹೇಳಿ. ನೀವು ನಂಬುವ ಇಬ್ಬರು.

ಸರ್ಕಾರದ ಉಚಿತ ಸಹಾಯವಾಣಿಯೂ ಇದೆ: 1800-11-2356. ಸಿಗರೇಟ್ ಪ್ಯಾಕಿನ ಮೇಲೆಯೇ ಅಚ್ಚಾಗಿರುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಯ ವಿಭಾಗ ಇದೆ, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. ಯೇಸು ಸಮಾಧಿಯ ಹತ್ತಿರ ನಿಂತವರ ಕೈಗಳನ್ನು ಉಪಯೋಗಿಸಿದನು. ಈ ಕೈಗಳನ್ನೂ ಉಪಯೋಗಿಸುತ್ತಾನೆ.

ಮತ್ತೆ ಒಂದು ಸೇದಿಬಿಟ್ಟರೆ?

ಬಿಟ್ಟವರಲ್ಲಿ ಹೆಚ್ಚಿನವರು ಒಂದೇ ಪ್ರಯತ್ನದಲ್ಲಿ ಬಿಟ್ಟವರಲ್ಲ. ಜ್ಞಾನೋಕ್ತಿ 24:16ರಲ್ಲಿ ನೀತಿವಂತನ ಬಗ್ಗೆ ಏನಿದೆ? ಅವನು ಬೀಳುವುದೇ ಇಲ್ಲ ಅಂತ ಇಲ್ಲ. ಏಳು ಸಲ ಬಿದ್ದರೂ ಏಳುತ್ತಾನೆ ಅಂತ ಇದೆ. ಒಂದು ಸೇದಿದರೆ ಅದು ಒಂದೇ ಆಗಿರಲಿ, ಪ್ಯಾಕ್ ಆಗುವುದು ಬೇಡ. ಅದೇ ರಾತ್ರಿ ಆ ಇಬ್ಬರಲ್ಲಿ ಒಬ್ಬರಿಗೆ ಫೋನ್ ಮಾಡಿ. ಎಲ್ಲಿ ಜಾರಿತು ಅಂತ ಹಾಳೆಯಲ್ಲಿ ಬರೆಯಿರಿ, ಆ ದಾರಿಗೆ ಬೇಲಿ ಹಾಕಿ. ಭಾನುವಾರ ಸಭೆಗೆ ಬನ್ನಿ. ಕಟ್ಟು ಮತ್ತೆ ಬಿಗಿಯಾಯಿತು ಅಂತ ಲಾಜರನು ಸಮಾಧಿಯೊಳಗೆ ವಾಪಸ್ ಹೋಗಿ ಮಲಗಬೇಕಾ?

ಶರೀರವೂ ಕಾದು ಕೂತಿದೆ. ಕೊನೆಯ ಸಿಗರೇಟ್ ಆರಿದ 20 ನಿಮಿಷಕ್ಕೆ ಹೃದಯ ಬಡಿತ ಇಳಿಯಲು ಶುರುವಾಗುತ್ತದೆ. ಒಂದು ದಿನದೊಳಗೆ ರಕ್ತದಲ್ಲಿದ್ದ ಕಾರ್ಬನ್ ಮಾನಾಕ್ಸೈಡ್ ಸಹಜ ಮಟ್ಟಕ್ಕೆ ಬರುತ್ತದೆ. ಒಂದು ವರ್ಷಕ್ಕೆ ಹೃದಯಾಘಾತದ ಹೆಚ್ಚಿನ ಅಪಾಯ ಸುಮಾರು ಅರ್ಧ ಇಳಿದಿರುತ್ತದೆ. ದೇವರು ಈ ಶರೀರವನ್ನು ಗುಣವಾಗುವ ಹಾಗೆಯೇ ನಿರ್ಮಿಸಿದ್ದಾನೆ.

ಈ ವಾರದ ಕೆಲಸ

ಒಂದು, ಬಿಡುವ ದಿನ ಗೊತ್ತು ಮಾಡಿ, ಎರಡು ವಾರದೊಳಗೆ ಇರಲಿ. ಎರಡು, ಆ ಇಬ್ಬರಿಗೆ ದಿನಾಂಕ ಹೇಳಿ. ಮೂರು, ದಾರಿಗಳ ಹಾಳೆ ಬರೆಯಿರಿ. ನಾಲ್ಕು, ಸಹಾಯವಾಣಿಗೆ ಒಂದು ಕರೆ ಮಾಡಿ. ಐದು, ಬಿಡುವ ದಿನದ ಹಿಂದಿನ ರಾತ್ರಿ ಆ ಇಬ್ಬರ ಜೊತೆ ಪ್ರಾರ್ಥಿಸಿ, ಪ್ಯಾಕ್, ಲೈಟರ್ ಅವರ ಕೈಗೆ ಕೊಟ್ಟುಬಿಡಿ. ದಿನಕ್ಕೆ ಐದು, ಒಂದಕ್ಕೆ 20 ರೂಪಾಯಿ ಅಂತ ಲೆಕ್ಕ ಹಾಕಿದರೆ ವರ್ಷಕ್ಕೆ 36,500 ರೂಪಾಯಿ. ಆ ಹಣ ಮನೆಗೆ ಹೋಗಲಿ.

ಸೇದದವರಿಗೆ ಒಂದು ಮಾತು

ಈ ಸಂದೇಶ ನನಗಲ್ಲ ಅಂತ ಕೂತವರೇ, ಕಟ್ಟು ಬಿಚ್ಚುವ ಆಜ್ಞೆ ಬಂದದ್ದು ನಿಮಗೆ. ಹೆಣದ ಬಟ್ಟೆ ಮುಟ್ಟಿದರೆ ಕೈಗೆ ನಾತ ಹತ್ತುತ್ತದೆ. ಬೇಥಾನ್ಯದವರು ಮುಟ್ಟಿದರು. ಯಾರಾದರೂ ನಂಬಿ ನಿಮಗೆ ಹೇಳಿದರೆ ಅದು ನಿಮ್ಮಲ್ಲೇ ಇರಲಿ. ಪ್ರಾರ್ಥನಾ ವಿಷಯ ಅಂತ ಗ್ರೂಪಿಗೆ ಹಾಕಬೇಡಿ. ಸಂಜೆ ಆರು ಗಂಟೆಗೆ ಅವರಿಗೆ ಕಷ್ಟ ಅಂತ ಗೊತ್ತಿದ್ದರೆ ಆರು ಗಂಟೆಗೆ ಫೋನ್ ಮಾಡಿ. ಮೂರನೇ ದಿನ ರೇಗಿದರೆ ಸಹಿಸಿಕೊಳ್ಳಿ. ಬಿದ್ದೆ ಅಂತ ಬಂದರೆ ಉಪದೇಶಕ್ಕೆ ಮೊದಲು ಒಂದು ಲೋಟ ನೀರು ಕೊಡಿ. ಮತ್ತೆ, ಸಾಕ್ಷಿ ಕೊಡು ಅಂತ ಅವಸರ ಮಾಡಬೇಡಿ. ಮೊದಲು ಕಟ್ಟು ಬಿಚ್ಚಲಿ.

ಒಂದು ಪುಟ ಮುಂದೆ ಹೋಗಿ, ಯೋಹಾನ 12. ಅದೇ ಬೇಥಾನ್ಯ. ಯೇಸುವಿನ ಜೊತೆ ಊಟಕ್ಕೆ ಕೂತವರಲ್ಲಿ ಲಾಜರನೂ ಇದ್ದಾನೆ. ಕೈ ಬಿಚ್ಚಿದೆ, ಆದ್ದರಿಂದ ಊಟ ಮಾಡ್ತಾನೆ. ಕಾಲು ಬಿಚ್ಚಿದೆ, ಮೇಜಿನವರೆಗೂ ನಡೆದು ಬಂದಿದ್ದಾನೆ. ಮುಖದ ಬಟ್ಟೆ ಹೋಗಿದೆ, ಕರ್ತನ ಮುಖ ನೋಡ್ತಿದ್ದಾನೆ. ಹಿಂದಿನ ಅಧ್ಯಾಯದಲ್ಲಿ ನಾತದ ಮಾತಿತ್ತು. ಇಲ್ಲಿ ಮರಿಯಳ ತೈಲದ ಪರಿಮಳ ಮನೆಯನ್ನೆಲ್ಲಾ ತುಂಬಿದೆ. ನನ್ನ ತಮ್ಮಾ, ನನ್ನ ತಂಗಿ, ಆ ಮೇಜಿನಲ್ಲಿ ನಿನಗೂ ಜಾಗ ಇದೆ.

ಪ್ರಾರ್ಥನೆ ಮಾಡೋಣ. ಕರ್ತನೇ, ನೀನು ಜೀವ ಕೊಟ್ಟ ಮಕ್ಕಳು ಇಲ್ಲಿದ್ದಾರೆ. ಅವರ ಮೈಮೇಲಿರುವ ಕಟ್ಟು ನಿನಗೆ ಕಾಣುತ್ತದೆ. ಮೂರನೆಯ ದಿನ ಅವರನ್ನು ಹಿಡಿದುಕೋ. ಆ ಐದು ನಿಮಿಷಗಳಲ್ಲಿ ಅವರ ಪಕ್ಕದಲ್ಲಿ ನಿಲ್ಲು. ಹೇಳಿಕೊಳ್ಳಲು ಧೈರ್ಯ ಕೊಡು, ಕೇಳಿಸಿಕೊಳ್ಳುವ ನಮಗೆ ಪ್ರೀತಿ ಕೊಡು. ನಾಚಿಕೆಯಿಂದ ಮನೆಯಲ್ಲೇ ಉಳಿದವರನ್ನು ಮತ್ತೆ ನಿನ್ನ ಮನೆಗೆ ಕರೆದುಕೊಂಡು ಬಾ. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.